ಏಕಾಂತಪ್ಪ ಬರೆದ ದ್ವಿತೀಯಾರ್ಧಗಳು

ನಿಜಲಿಂಗಪ್ಪ ಬಡಾವಣೆ, ದಾವಣಗೆರೆ
ಭಾನುವಾರ, 16 ನವೆಂಬರ್ 2025

ಪ್ರಿಯ ಏಕಾಂತ,

ಇದರಿಂದ ದಾವಣಗೆರೆ ಮತ್ತು ಹರಿಹರ ಎರಡೂ ಊರುಗಳ ಸಮಸ್ತ ಚಿತ್ರರಸಿಕರಿಗೆ ತಿಳಿಯಪಡಿಸುವುದೇನೆಂದರೆ, ನಾಗಭೂಷಣ್ ಎಂಬ ನಾನು, ವಯಸ್ಸು ಅರವತ್ತೆರಡು, ಕಸುಬು ಪೈಪು-ನಲ್ಲಿ ವ್ಯಾಪಾರ, ಇದೇ ನವೆಂಬರ್ ಏಳನೇ ತಾರೀಕು ಶುಕ್ರವಾರದ ಮ್ಯಾಟಿನಿಯಲ್ಲಿ, ಇಂಟರ್ವಲ್ ಮುಗಿದ ಬೆಲ್ ಹೊಡೆದ ಮೇಲೂ ಸೀಟು ಬಿಟ್ಟು ಏಳದೆ ಅಲ್ಲಿಯೇ ಕೂತಿದ್ದೆನು. ಇದಕ್ಕೆ ಸಾಕ್ಷಿ, ನನ್ನ ಪಕ್ಕದ ಸೀಟಿನ ಮೇಲಿದ್ದ ಪಾಪ್‌ಕಾರ್ನ್ ಡಬ್ಬಿ. ಡಬ್ಬಿಯ ಒಡೆಯ ಇಂಟರ್ವಲ್‌ಗೆಂದು ಎದ್ದು ಹೋದವನು ವಾಪಸು ಬರಲಿಲ್ಲ. ಚಿತ್ರ ಅಷ್ಟು ಚೆನ್ನಾಗಿತ್ತು.

ಈ ಸುದ್ದಿಯನ್ನು ಪತ್ರಿಕೆಗಳಿಗೆ ಕೊಡುವ ಮೊದಲು ನಿನಗೆ ತಿಳಿಸುವುದು ಧರ್ಮ ಎಂದು ಬರೆಯುತ್ತಿದ್ದೇನೆ. ಹೇಗಿದ್ದೀಯ? ಮೊಣಕಾಲು ಏನನ್ನುತ್ತದೆ? ಮನೆಯಾಕೆ ಮೈಲಮ್ಮ ಕ್ಷೇಮವೇ? ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ನಾಲ್ಕು ತಿಂಗಳು ತಡ ಎಂಬುದು ನನಗೂ ಗೊತ್ತು. ನಡುವೆ ಮೂರು ಇನ್‌ಲ್ಯಾಂಡ್ ಲೆಟರ್ ಹಾಳು ಮಾಡಿದೆ. ಒಂದರಲ್ಲಿ ಬರೀ ನನ್ನದೇ ಸರಿ ಎಂದು ಬರೆದೆ, ಮರುದಿನ ಓದಿದರೆ ವಕೀಲರ ನೋಟೀಸಿನ ಹಾಗಿತ್ತು. ಎರಡನೆಯದರಲ್ಲಿ ಬರೀ ನಿನ್ನದೇ ಸರಿ ಎಂದು ಬರೆದೆ, ಅದು ಇನ್ನೂ ಅಸಹ್ಯವಾಗಿತ್ತು. ಮೂರನೆಯದರ ಮೇಲೆ ಒಬ್ಬ ಗಿರಾಕಿಗೆ ಮೋಟಾರ್ ಫುಟ್‌ವಾಲ್ವ್‌ನ ಚಿತ್ರ ಬರೆದು ತೋರಿಸಿಬಿಟ್ಟೆ.

ನನ್ನ ಸುದ್ದಿ ಎಂದರೆ ಸಕ್ಕರೆ ಇನ್ನೂರರ ಹತ್ತಿರ ಆಡುತ್ತಿದೆ. ಪಿ.ಜೆ. ಬಡಾವಣೆಯ ನಮ್ಮ ಅಂಗಡಿಯ ಮುಂದೆ ರಸ್ತೆ ಅಗೆದಿದ್ದಾರೆ. ಯಾಕೆ ಅಗೆದದ್ದು ಎಂದು ಕೇಳಿದರೆ ಅಗೆಯುವವನು ನನ್ನನ್ನೇ ಕೇಳುತ್ತಾನೆ, "ಒಳಗೆ ನಿಮ್ ಪೈಪ್ ಏನಾದ್ರೂ ಐತೇನ್ರೀ ಯಜಮಾನ್ರೆ?" ಎಂದು. ಗಿರಾಕಿಗಳು ಹಲಗೆಯ ಮೇಲೆ ನಡೆದು ಬರಬೇಕು. ಹಾಗೆ ಪ್ರಾಣ ಒತ್ತೆಯಿಟ್ಟು ಬಂದವರು ಒಂದು ನಲ್ಲಿ ವಾಷರ್ ಕೊಂಡು ಹೋಗುತ್ತಾರೆ.

ಇರಲಿ. ಈಗ ಜಗಳದ ವಿಷಯ. ಜಗಳವಾಡಿದವರು ದಾಖಲೆ ಸರಿಯಾಗಿಡಬೇಕು. ಆದ್ದರಿಂದ ನಿನಗೆ ಗೊತ್ತಿರುವುದನ್ನೇ ನಿನಗೆ ಮೊದಲಿನಿಂದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ನಾವಿಬ್ಬರೂ ಬಿ.ಕಾಂ. ಓದುವಾಗ ಮಧ್ಯಾಹ್ನದ ತರಗತಿಯ ಮೇಷ್ಟರಿಗೆ ಕಣ್ಣು ಮಂದ, ಕಿವಿ ಚುರುಕು. ಹಾಜರಿ ಕೂಗಿದಾಗ ಒಂದೇ ಬಾಯಿ ಎರಡು ದನಿಯಲ್ಲಿ "ಯೆಸ್ ಸಾರ್" ಅಂದರೆ ಸಾಕಿತ್ತು. ಆದರೆ ಆ ಒಂದು ಬಾಯಿ ತರಗತಿಯಲ್ಲಿ ಇರಲೇಬೇಕಿತ್ತು. ಹೀಗಾಗಿ ಜಗತ್ತಿನ ಯಾವ ಸಿನಿಮಾಸಕ್ತರೂ ಮಾಡದ ಏರ್ಪಾಡನ್ನು ನಾವು ಮಾಡಿಕೊಂಡೆವು: ಒಂದು ಟಿಕೆಟ್, ಇಬ್ಬರು ಪ್ರೇಕ್ಷಕರು. ಮೊದಲರ್ಧ ಒಬ್ಬ ನೋಡುವುದು, ಇಂಟರ್ವಲ್‌ನಲ್ಲಿ ಗೇಟಿಗೆ ಬಂದು ರಟ್ಟಿನ ಗೇಟ್ ಪಾಸನ್ನು ಇನ್ನೊಬ್ಬನಿಗೆ ದಾಟಿಸಿ, ಅಲ್ಲಿಯವರೆಗಿನ ಕತೆಯನ್ನು ನಾಲ್ಕು ನಿಮಿಷದಲ್ಲಿ ಹೇಳಿ, ತರಗತಿಗೆ ಓಡುವುದು. ಉಳಿದರ್ಧ ನೋಡಿದವನು ಅದನ್ನು ಆಮೇಲೆ ಹೇಳುವುದು.

ಪದವಿ ಮುಗಿಯಿತು, ಏರ್ಪಾಡು ಮುಗಿಯಲಿಲ್ಲ. ನೀನು ಹರಿಹರದ ಕಾರ್ಖಾನೆಯ ಸ್ಟೋರ್ಸ್‌ಗೆ ಸೇರಿದೆ, ನಾನು ಅಪ್ಪನ ಅಂಗಡಿಗೆ. ಶುಕ್ರವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅಂಗಡಿ ಮುಚ್ಚಿ ಮೊದಲರ್ಧ ನಾನು ನೋಡಬೇಕು, ಮೊದಲ ಪಾಳಿ ಮುಗಿಸಿ ಬಸ್ಸಿನಲ್ಲಿ ಇಂಟರ್ವಲ್ ಹೊತ್ತಿಗೆ ಬರುವ ನೀನು ಉಳಿದರ್ಧ ನೋಡಬೇಕು. ಮುಂದಿನ ವಾರ ಭಾನುವಾರ ನಿಮ್ಮೂರ ಟಾಕೀಸು. ಅಲ್ಲಿ ಮೊದಲರ್ಧ ನಿನ್ನದು, ಕೊನೆಯರ್ಧ ನನ್ನದು. ಕೊನೆಯರ್ಧ ಕಂಡವನು ಅದನ್ನು ಕಾಗದದಲ್ಲಿ ಬರೆದು ಕಳಿಸಬೇಕು, ಫೋನಿನಲ್ಲಿ ಹೇಳುವಂತಿಲ್ಲ. ಫೋನಿನಲ್ಲಿ ಹೇಳಿದ ಕ್ಲೈಮ್ಯಾಕ್ಸ್ ಪಂಕ್ಚರಾದ ಟೈರಿದ್ದಂತೆ ಎಂದು ನೀನೇ ತೀರ್ಪು ಕೊಟ್ಟಿದ್ದೆ. ಟೀವಿಯಲ್ಲಿ ಸಿನಿಮಾ ನೋಡುವುದು ಅಪಚಾರ ಎಂದು ನಾನು ತೀರ್ಪು ಕೊಟ್ಟೆ. ಇವತ್ತಿಗೂ ನಮ್ಮ ಮನೆಯ ಟೀವಿಯಲ್ಲಿ ಹವಾಮಾನ ಬಿಟ್ಟು ಬೇರೇನೂ ಬರುವುದಿಲ್ಲ.

ಹೀಗೆ ನಲವತ್ತು ವರ್ಷ. ಈ ನಲವತ್ತು ವರ್ಷದಲ್ಲಿ ನೀನೂ ನಾನೂ ಒಂದೇ ಒಂದು ಸಿನಿಮಾವನ್ನೂ ಅಕ್ಕಪಕ್ಕ ಕೂತು ನೋಡಿಲ್ಲ ಎಂಬುದು ಮೊನ್ನೆ ಅಂಗಡಿಯಲ್ಲಿ ಬೋಲ್ಟು ಎಣಿಸುತ್ತಿರುವಾಗ ಹೊಳೆಯಿತು. ಎಣಿಕೆ ತಪ್ಪಿ ಮತ್ತೆ ಮೊದಲಿಂದ ಎಣಿಸಿದೆ.

ಹನ್ನೊಂದು ವರ್ಷದ ಹಿಂದೆ ನೀನೊಂದು ತಿದ್ದುಪಡಿ ತಂದೆ. "ನಮ್ಮೂರ ಟಾಕೀಸಿನ ಸೌಂಡು ಸರಿಯಿಲ್ಲ ಕಣೋ, ಇನ್ಮ್ಯಾಲೆ ದಾವಣಗೆರೆನೇ ಸಾಕು, ಮೊದಲರ್ಧ ನಿಂದು, ಉಳಿದಿದ್ದು ನಂದು" ಅಂದೆ. ನಾನು ಒಪ್ಪಿದೆ. ಆಗ ನಾನು ಯಾರು ಏನು ಹೇಳಿದರೂ ಒಪ್ಪುತ್ತಿದ್ದೆ.

ಅಲ್ಲಿಂದ ನಿನ್ನ ಕಾಗದಗಳು ಶುರುವಾದವು. ಪ್ರತಿ ಮಂಗಳವಾರ ಒಂದು. ಸ್ಟೋರ್ಸ್‌ಗೆ ಸಾಮಾನು ಬೇಡುವ ಇಂಡೆಂಟ್ ಚೀಟಿಯ ಹಾಗೆ ಕರಾರುವಾಕ್ಕು, ಅಕ್ಷರ ದುಂಡಗೆ. ಉದಾಹರಣೆಗೆ ಒಂದನ್ನು ಎದುರಿಗಿಟ್ಟುಕೊಂಡು ನಕಲು ಮಾಡುತ್ತಿದ್ದೇನೆ:

"ಡಾಕ್ಟರು ತಲೆ ಅಲ್ಲಾಡಿಸುತ್ತ ಹೊರಗೆ ಬಂದರು. ಹೀರೋ ಗೋಡೆಗೆ ಹಣೆ ಹಚ್ಚಿ ನಿಂತ. ಅಷ್ಟರಲ್ಲಿ ನರ್ಸು ಓಡಿ ಬಂದು ಕರೆದಳು. ಎಲ್ಲರೂ ಒಳಗೆ ಹೋಗಿ ನೋಡುತ್ತಾರೆ, ಆಯಮ್ಮ ಎದ್ದು ಕೂತಾಳೆ. 'ಚಾ ಐತೇನು?' ಅಂದಳು. ಎಲ್ಲರೂ ನಕ್ಕರು. ಇಲ್ಲಿಗೆ ಚಿತ್ರ ಮುಗಿಯಿತು. ಹಾಡುಗಳು ಸಾಧಾರಣ. ಐದಕ್ಕೆ ಮೂರು ಮಿರ್ಚಿ ಕೊಡಬಹುದು."

ಇಂಥ ಕಾಗದಗಳನ್ನು ಓದಿ ಓದಿ ನಾನು ಒಂದು ಸಿದ್ಧಾಂತವನ್ನು ಕಂಡುಹಿಡಿದೆ. ಅದು ನನ್ನ ತಪ್ಪಲ್ಲ. ಹತ್ತು ಚಿತ್ರದಲ್ಲಿ ಸಾವಿನಂಚಿನ ಹೆಂಗಸು ಎದ್ದು ಕೂತು ಚಹಾ ಕೇಳಿದರೆ ಯಾವ ವಿಚಾರವಂತನೂ ಸಿದ್ಧಾಂತ ಕಟ್ಟುತ್ತಾನೆ. 'ಇತ್ತೀಚಿನ ಚಿತ್ರಗಳಲ್ಲಿ ಚಹಾದ ಸ್ಥಾನಮಾನ' ಎಂದು ಏಳು ಪುಟದ ಭಾಷಣ ಬರೆದೆ. ಪಾಶ್ಚಾತ್ಯರ ಪ್ರಭಾವವನ್ನು ನಮ್ಮ ನಿರ್ದೇಶಕರು ಚಹಾದ ಮೂಲಕ ಹೇಗೆ ಮೆಟ್ಟಿ ನಿಂತಿದ್ದಾರೆ ಎಂಬುದು ಅದರ ಸಾರ. ನಮ್ಮ ವರ್ತಕರ ಸಂಘದ ವಾರ್ಷಿಕೋತ್ಸವದಲ್ಲಿ ಓದಬೇಕೆಂದು ಅಧ್ಯಕ್ಷರ ಒಪ್ಪಿಗೆಯನ್ನೂ ಪಡೆದೆ. ಜುಲೈ ತಿಂಗಳ ಆ ಶನಿವಾರ ಸಂಜೆ, ದುರುಗವ್ವನ ಮಂಡಕ್ಕಿ-ಮಿರ್ಚಿ ಅಂಗಡಿಯ ಬೆಂಚಿನ ಮೇಲೆ, ವಾರವಾರ ಸಿನಿಮಾ ಹರಟೆಗೆ ಸೇರುವ ನಮ್ಮ ಗುಂಪಿನ ಮುಂದೆ, ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲ ಪ್ರದರ್ಶನ ಕೊಟ್ಟೆ.

ಮೂರನೇ ಪುಟಕ್ಕೆ ಬರುವಷ್ಟರಲ್ಲಿ, ಮೊಬೈಲ್ ಕವರ್ ಅಂಗಡಿ ಇಟ್ಟು ಗುಂಪಿಗೆ ಹೊಸದಾಗಿ ಸೇರಿದ್ದ ಫೈಸಲ್ ಕೈ ಎತ್ತಿದ.

"ಅಂಕಲ್, ನೀವು ಯಾವ ಪಿಚ್ಚರ್ ನೋಡಿದ್ರಿ? ಆ ಯಮ್ಮ ಸತ್ತೋಗ್ತಾಳಲ್ಲ. ಚಾ ಎಲ್ಲಿ ಕುಡೀತಾಳೆ?"

"ನೀನು ಸರಿಯಾಗಿ ನೋಡಿಲ್ಲ" ಅಂದೆ ನಾನು.

"ಮೂರು ಸಲ ನೋಡೀನಿ ಅಂಕಲ್. ಮೂರು ಸಲಾನೂ ಸತ್ಲು."

ದುರುಗವ್ವ ಬಾಣಲೆ ಬಿಟ್ಟು ಎದ್ದು, "ಏ ಫೈಸಲ್ಲಾ, ಮಿರ್ಚಿ ತಣ್ಣಗಾಗ್ತೈತೆ, ಬಾಯಾಗ್ ಇಟ್ಕಂಡು ಸುಮ್ಕಿರು" ಎಂದು ಗದರಿದಳು. ಅವನು ಸುಮ್ಮನಿರಲಿಲ್ಲ. ನಾನು ಅಲ್ಲಿಯವರೆಗೆ ಹೆಸರಿಸಿದ್ದ ಎಲ್ಲ ಹೆಂಗಸರನ್ನೂ ಒಬ್ಬೊಬ್ಬರಾಗಿ ಕೊಂದು ಹಾಕಿದ. ಬೆಂಚಿನ ಮೇಲಿದ್ದವರೆಲ್ಲ ಮಂಡಕ್ಕಿಯಲ್ಲಿ ಕಡಲೆ ಹುಡುಕುತ್ತಿದ್ದರು. ಯಾರೊಬ್ಬರೂ ಆಶ್ಚರ್ಯಪಡಲಿಲ್ಲ ಎಂಬುದನ್ನು ನಾನು ಆಗ ಗಮನಿಸಲಿಲ್ಲ. ನಿನ್ನ ಕಡೆ ತಿರುಗಿದೆ. ನಿನ್ನ ಮುಖವೇ ಹೇಳಿತು.

ಆಮೇಲೆ ನಾನು ಆಡಿದ ಮಾತನ್ನು ದಾಖಲೆಯ ಸಲುವಾಗಿ ಬರೆಯುತ್ತೇನೆ. "ಸುಳ್ಳುಗಾರ. ಹನ್ನೊಂದು ವರ್ಷ ನನ್ನನ್ನ ಊರಿಗೆಲ್ಲ ಜೋಕರ್ ಮಾಡಿ ಇಟ್ಟಿದ್ದೀಯ. ಇನ್ನು ನನ್ನ ಇಂಟರ್ವಲ್‌ಗೆ ಬರಬ್ಯಾಡ, ಕಾಗದಾನೂ ಬರೀಬ್ಯಾಡ. ನಿನ್ನಂಥ ಗೆಳೆಯ ಇದ್ರೂ ಒಂದೇ, ಇಲ್ದಿದ್ರೂ ಒಂದೇ." ಇದನ್ನು ಎಂಟು ಜನರ ಮುಂದೆ, ರಸ್ತೆಯ ಆಚೆ ಬದಿಗೂ ಕೇಳುವಂತೆ ಅಂದೆ. ನೀನು ಮಂಡಕ್ಕಿ ಪೊಟ್ಟಣವನ್ನು ನಾಲ್ಕು ಮಡಿಕೆ ಮಾಡಿ ಬುಟ್ಟಿಗೆ ಹಾಕಿದೆ. ಹರಿಹರದ ಬಸ್ಸಿಗೆ ಹೋದೆ.

ಆಗಸ್ಟ್ ಪೂರ್ತಿ ನಾನು ಶೂರನಂತಿದ್ದೆ. ಶುಕ್ರವಾರ ಹೋಗುವುದು, ಮೊದಲರ್ಧ ನೋಡುವುದು, ಇಂಟರ್ವಲ್‌ಗೆ ಪಾಸು ಹಿಡಿದು ಗೇಟಿಗೆ ಬರುವುದು. ಕಾಲು ತಾವಾಗಿಯೇ ಗೇಟಿಗೆ ತರುತ್ತಿದ್ದವು. ಅಲ್ಲಿ ಯಾರೂ ಇಲ್ಲ. ಗೇಟಿನವನು "ನಿಮ್ ಇನ್ನೊಂದರ್ಧ ಎಲ್ರೀ?" ಎಂದು ಕೇಳಿದ. "ಸುಳ್ಳು ಹೇಳೋಕೆ ಹೋಗೈತೆ" ಅಂದೆ. ಪಾಸನ್ನು ಜೇಬಿಗೆ ಹಾಕಿಕೊಂಡು ಅಂಗಡಿಗೆ ಹೋದೆ. ಹೀಗೆ ಐದು ಚಿತ್ರಗಳು ಇಂಟರ್ವಲ್‌ನಲ್ಲೇ ಉಳಿದುಬಿಟ್ಟವು. ಒಂದರಲ್ಲಿ ಹೀರೋ ಬೆಟ್ಟದ ತುದಿಯಿಂದ ಒಂದೇ ಕೈಯಲ್ಲಿ ಜೋತಾಡುತ್ತಿದ್ದಾನೆ. ಪಾಪ, ಇನ್ನೂ ಜೋತಾಡುತ್ತಲೇ ಇದ್ದಾನೆ.

ಸೆಪ್ಟೆಂಬರಿನಲ್ಲಿ ಒಂದು ಸಂಜೆ ದುರುಗವ್ವನ ಅಂಗಡಿಗೆ ಹೋದೆ. ಎರಡು ಮಿರ್ಚಿ ಕೇಳಿದರೆ ಒಂದೇ ಹಾಕಿದಳು.

"ಇನ್ನೊಂದು ಎಲ್ಲಿ?"

"ನಿಮಗೆ ಅಷ್ಟೇ ಸಾಕು."

"ಯಾಕೆ ದುರುಗವ್ವ, ನನ್ನ ಮೇಲೆ ನಿಂಗೇನು ಸಿಟ್ಟು?"

ಆಕೆ ಜಾಲರಿ ಸೌಟನ್ನು ಬಾಣಲೆಯ ಅಂಚಿಗೆ ಬಡಿದು ನನ್ನ ಮುಂದೆ ಬಂದು ನಿಂತಳು. "ನಿಮ್ಮನೇರು ಪ್ರೇಮಕ್ಕಾರು ತೀರ್ಕಂಡ ವರ್ಷ ಏಕಾಂತಪ್ಪಾರು ಒಬ್ರೇ ಇಲ್ಲಿಗೆ ಬಂದಿದ್ರು. ಎಲ್ರುನ್ನೂ ಕೂಡ್ರಿಸಿ ಆಣೆ ಮಾಡಿಸ್ಯಾರೆ. ನನ್ ಕೈಲಿ ಈ ಬಾಣಲೆ ಮುಟ್ಟಿಸ್ಯಾರೆ, ಕಾದಿತ್ತು, ನೋಡ್ರಿ ಇಲ್ಲಿ ಗುರುತು. ಭೂಷಣಪ್ಪಾರ ಮುಂದೆ ಯಾವ ಸಿನಿಮಾದಾಗೂ ಹೆಣ್ಮಕ್ಳು ಸಾಯಂಗಿಲ್ಲ ಅಂತ. ನಾವೆಲ್ಲ ಹಂಗೇ ನಡಕಂಡು ಬಂದೀವಿ. ಈ ಫೈಸಲ್ಲಗೆ ಹೇಳೋದು ಮರ್ತಿದ್ವಿ. ತಪ್ಪು ನಮ್ದು. ನೀವು ಬೈದಿದ್ದು ಯಾರಿಗೆ?"

ನಾನು ಆ ಒಂದು ಮಿರ್ಚಿಯನ್ನು ತಿಂದೆ. ಅದು ಖಾರ ಇತ್ತು ಎಂದು ಬರೆದುಕೊಳ್ಳೋಣ.

ಮನೆಗೆ ಬಂದು ನಿನ್ನ ಕಾಗದಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿದೆ. ಮರುದಿನ ಫೈಸಲ್‌ನನ್ನು ಅಂಗಡಿಗೆ ಕರೆಸಿ, ಅವನ ಫೋನಿನಲ್ಲಿ ಅಸಲಿ ಕತೆಗಳನ್ನು ಓದಿಸಿ ತಾಳೆ ನೋಡಿದೆ. ಅಧಿಕೃತ ವರದಿ ಹೀಗಿದೆ: ಹನ್ನೊಂದು ವರ್ಷದಲ್ಲಿ ನೀನು ಮೂವತ್ತೊಂದು ಹೆಂಗಸರನ್ನು ಸಾವಿನಿಂದ ಎಬ್ಬಿಸಿದ್ದೀಯ. ಒಬ್ಬಾಕೆಯನ್ನು ಬಾವಿಯಿಂದ, ಇಬ್ಬರನ್ನು ಬೆಂಕಿಯಿಂದ, ಹತ್ತೊಂಬತ್ತು ಮಂದಿಯನ್ನು ಆಸ್ಪತ್ರೆಯಿಂದ, ಎಂಟು ಮಂದಿಯನ್ನು ಅಲ್ಲಿ ಇಲ್ಲಿಂದ. ಒಬ್ಬಾಕೆ ವಿಮಾನದಿಂದ ಬಿದ್ದವಳು. ಅವಳೂ ಎದ್ದು ಕೂತು ಚಹಾ ಕೇಳುತ್ತಾಳೆ. ನಿನ್ನ ಕಲ್ಪನಾಶಕ್ತಿ ಸ್ಟೋರ್ಸ್ ಗುಮಾಸ್ತನದು ಕಣೋ, ಒಂದೇ ಐಟಂ ಎಲ್ಲಾ ಇಂಡೆಂಟಿಗೂ ಕೊಟ್ಟಿದ್ದೀಯ. ಗಂಡಸರನ್ನು ಮಾತ್ರ ನೀನು ಉಳಿಸುವ ಗೋಜಿಗೆ ಹೋಗಿಲ್ಲ, ಅವರು ಸಾಲಾಗಿ ಸತ್ತಿದ್ದಾರೆ. ಫೈಸಲ್ ನಗುತ್ತ ನಗುತ್ತ ಓದುತ್ತಿದ್ದವನು ಇಪ್ಪತ್ತನೆಯ ಕಾಗದದ ಹೊತ್ತಿಗೆ ಫೋನು ಕೆಳಗಿಟ್ಟ. "ಅಂಕಲ್, ನನಗ್ಯಾರೂ ಹೇಳ್ಲಿಲ್ಲ ಅಂಕಲ್. ಹೇಳಿದ್ರೆ ನಾನೂ ಒಬ್ರುನ್ನೂ ಸಾಯಿಸ್ತಿರ್ಲಿಲ್ಲ" ಅಂದ.

ಅಕ್ಟೋಬರಿನಲ್ಲಿ ನಾನು ನಿಮ್ಮ ಮನೆಗೆ ಬಂದಿದ್ದೆ. ಮೈಲಮ್ಮ ಹೇಳಿದಳೋ ಇಲ್ಲವೋ. ಬಾಗಿಲಲ್ಲೇ ನಿಲ್ಲಿಸಿ, "ಅವ್ರು ಇಲ್ರಿ, ಹೊರಗ್ ಹೋಗ್ಯಾರೆ" ಅಂದಳು. ಒಳಗಿನಿಂದ ಕೆಮ್ಮು ಕೇಳಿಸಿತು.

"ಕೆಮ್ಮಿದ್ದು ಯಾರಮ್ಮ?"

"ಟೀವಿ ರಿ."

"ಟೀವಿ ಆಫ್ ಆಗೈತಲ್ಲ, ಇಲ್ಲಿಂದ್ಲೇ ಕಾಣ್ತೈತೆ."

"ಅದ್ಕೇ ಕೆಮ್ಮತೈತೆ ರಿ."

ನಾನು ಮೆಟ್ಟಿಲು ಇಳಿದೆ. ಆಕೆ ಹಿಂದೆ ಬಂದು, ಮೆಲ್ಲಗೆ, "ಭೂಷಣಣ್ಣ, ಅವ್ರು ಸಿನಿಮಾ ನೋಡೋದು ಬಿಟ್ಟುಬಿಟ್ಟಾರೆ. ಶುಕ್ರವಾರ ಆದ್ರೆ ಇಸ್ತ್ರಿ ಅಂಗಿ ಹಾಕ್ಕಂಡು ಕಟ್ಟೆ ಮ್ಯಾಲೆ ಕುಂತಿರ್ತಾರೆ, ಬಸ್ಸಿನ ಹೊತ್ತು ದಾಟಿದ ಮ್ಯಾಲೆ ಅಂಗಿ ಬಿಚ್ಚಿ ಇಡ್ತಾರೆ. ಏನು ಅಂದ್ರಿ ನೀವು ಅವ್ರಿಗೆ?" ಎಂದು ಕೇಳಿದಳು. ಅಷ್ಟರಲ್ಲಿ ಬಸ್ಸು ಬಂತು.

ಬಸ್ಸಿನಲ್ಲಿ ಕೂತು ನಿರ್ಧಾರ ಮಾಡಿದೆ. ಬರೀ ಕ್ಷಮೆ ಕೇಳಿದರೆ ನೀನು "ಇರ್ಲಿ ಬಿಡೋ" ಅನ್ನುತ್ತೀಯ, ಅಲ್ಲಿಗೆ ಮುಗಿಯುತ್ತದೆ, ಮತ್ತೆ ನೀನು ಸುಳ್ಳು ಬರೆಯುತ್ತೀಯ, ನಾನು ಗೊತ್ತಿಲ್ಲದವನ ಹಾಗೆ ಓದುತ್ತೇನೆ. ಅದು ಬೇಡ. ಮೊದಲು ನಾನೇ ಹೋಗಿ ದ್ವಿತೀಯಾರ್ಧ ಎಂಬುದು ಹೇಗಿರುತ್ತದೆ ಎಂದು ನೋಡಿಕೊಂಡು ಬರಬೇಕು, ಆಮೇಲೆ ನಿನಗೆ ಬರೆಯಬೇಕು. ಆದ್ದರಿಂದ ಈ ತಿಂಗಳು ಮೂರು ಚಿತ್ರಗಳಿಗೆ ಹೋದೆ. ಇಷ್ಟು ದಿನ ನಿನ್ನ ವಿಮರ್ಶೆ ನಾನು ಓದಿದ್ದೇನೆ, ಈಗ ನನ್ನದನ್ನು ನೀನು ಓದು. ಹೆಸರು ಬರೆಯುವುದಿಲ್ಲ. ಈಗಿನ ಚಿತ್ರಗಳ ಹೆಸರು ಓದಲು ಕನ್ನಡ ಮೇಷ್ಟರ ಜೊತೆ ಗಣಿತದ ಮೇಷ್ಟರೂ ಬೇಕು.

ಏಳನೇ ತಾರೀಕಿನದು ಪೊಲೀಸ್ ಚಿತ್ರ. ಮೊದಲರ್ಧದಲ್ಲಿ ಹೀರೋ ನಲವತ್ತೆರಡು ಜನರನ್ನು ಹೊಡೆಯುತ್ತಾನೆ, ದ್ವಿತೀಯಾರ್ಧದಲ್ಲಿ ಅವರ ಸಂಬಂಧಿಕರನ್ನು. ಖಳನ ಗೋದಾಮಿನಲ್ಲಿ ಒಂದು ಪೈಪು ಒಡೆದು ಆ ನೀರಿನಲ್ಲಿ ನಾಲ್ಕು ಜನ ಕೊಚ್ಚಿಕೊಂಡು ಹೋಗುತ್ತಾರೆ. ನಾನು ಕಣ್ಣಾರೆ ನೋಡಿದೆ, ಒಂದೂವರೆ ಇಂಚಿನ ಪಿವಿಸಿ ಪೈಪು. ಅಂಥ ಪ್ರೆಶರ್ ಕೊಡುವ ಪೈಪು ಯಾವ ಕಂಪನಿಯದು ಎಂದು ತಿಳಿದರೆ ಇಡೀ ಜಿಲ್ಲೆಯ ಏಜೆನ್ಸಿ ನಾನೇ ಹಿಡಿಯುತ್ತೇನೆ. ಒಂದು ಮಿರ್ಚಿ, ಅದೂ ನಿನ್ನೆಯದು.

ಒಂಬತ್ತನೇ ತಾರೀಕು ಭಾನುವಾರ ಕುಸ್ತಿ ಚಿತ್ರ. ಫೈಸಲ್ ಜೊತೆಯಲ್ಲಿ ಬಂದ. ಕುಸ್ತಿಗಿಂತ ಹಾಡು ಜಾಸ್ತಿ. ಪೈಲ್ವಾನ ಅಖಾಡದ ಮಣ್ಣಿಗೆ ಎಣ್ಣೆ, ಮಜ್ಜಿಗೆ ಹಾಕಿ ಕಲಸುವ ದೃಶ್ಯ ಮಾತ್ರ ಬಹಳ ಚಂದ. "ಅಂಕಲ್, ಹಾಡು ತೆಗೆದ್ರೆ ಪಿಚ್ಚರ್‌ನಾಗೆ ಏನ್ ಉಳೀತೈತೆ?" ಎಂದು ಅವನು. "ಕುಸ್ತಿ ಉಳೀತೈತೆ" ಎಂದು ನಾನು. "ಕುಸ್ತಿ ನೋಡೋಕೆ ಯಾರು ಬರ್ತಾರೆ ಅಂಕಲ್?" ಎಂದ. ಹೊರಗೆ ಬಂದ ಮೇಲೂ ವಾದ ಮಾಡಿದೆವು. ಮೂರು ಮಿರ್ಚಿಗೆ ರಾಜಿಯಾಯಿತು. ನೀನಿದ್ದಿದ್ದರೆ ಎರಡೂವರೆಗೆ ಇಳಿಸುತ್ತಿದ್ದೆ ಎಂದು ಗೊತ್ತು.

ಮೊನ್ನೆ ಶುಕ್ರವಾರದ್ದು ಸಣ್ಣ ಚಿತ್ರ. ಇಡೀ ಟಾಕೀಸಿನಲ್ಲಿ ನಾವು ಹನ್ನೊಂದು ಜನ, ಅದರಲ್ಲಿ ಇಬ್ಬರು ನಿದ್ದೆಗೆ ಬಂದವರು. ಒಬ್ಬ ಬಾಡಿಗೆ ಸೈಕಲ್ ಅಂಗಡಿಯವನು. ಹೆಂಡತಿ ಆಸ್ಪತ್ರೆಯಲ್ಲಿ. ಪ್ರತಿ ಸಂಜೆ ಹೋಗಿ, ಇವತ್ತು ಯಾರು ಯಾವ ಸೈಕಲ್ ಒಯ್ದರು, ಯಾರು ತಡವಾಗಿ ತಂದು ಸುಳ್ಳು ನೆಪ ಹೇಳಿದರು ಎಂದು ಅವಳಿಗೆ ವರದಿ ಕೊಡುತ್ತಾನೆ. ಅವಳು ಮಲಗಿದಲ್ಲಿಂದಲೇ, "ಆ ಮೂರನೇ ನಂಬರ್ ಸೈಕಲ್ಲಿಗೆ ಬ್ರೇಕ್ ಹಾಕಿಸಿದ್ರಾ?" ಎಂದು ಕೇಳುತ್ತಾಳೆ. ಇಷ್ಟೇ ಚಿತ್ರ. ಹೊಡೆದಾಟ ಇಲ್ಲ, ಪೈಪು ಒಡೆಯುವುದಿಲ್ಲ. ಐದಕ್ಕೆ ಐದು ಮಿರ್ಚಿ, ಜೊತೆಗೆ ಮಂಡಕ್ಕಿ ಉಚಿತ.

ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ಮೂರೂ ಚಿತ್ರಗಳ ದ್ವಿತೀಯಾರ್ಧಕ್ಕೆ ಕೂತೆನಾದರೂ ಒಂದನ್ನೂ ಕೊನೆಯವರೆಗೆ ನೋಡಲಿಲ್ಲ. ಇನ್ನೇನು ಮುಗಿಯುತ್ತದೆ ಅನ್ನುವಾಗ ಎದ್ದು ಹೊರಗೆ ಬಂದೆ. ಸಕ್ಕರೆ ಕಾಯಿಲೆಯವನಿಗೆ ಬಚ್ಚಲುಮನೆಯೇ ಕ್ಲೈಮ್ಯಾಕ್ಸು ಎಂದು ಫೈಸಲ್‌ಗೆ ಹೇಳಿದ್ದೇನೆ. ಸೈಕಲ್ ಅಂಗಡಿಯವನ ಹೆಂಡತಿ ಏನಾದಳು ಎಂದು ನನಗೆ ಗೊತ್ತಿಲ್ಲ. ಗೇಟಿನ ಹತ್ತಿರ ನಿಂತು, ಹೊರಗೆ ಬಂದ ಎಂಟು ಜನರ ಮುಖ ನೋಡಿದೆ. ಮುಖ ನೋಡಿ ಕತೆ ತಿಳಿಯುವುದಿಲ್ಲ.

ಒಟ್ಟಿನಲ್ಲಿ ನನ್ನ ಅಭಿಪ್ರಾಯ ಇಷ್ಟು: ಚಿತ್ರರಂಗದವರು ತೆಗೆದ ದ್ವಿತೀಯಾರ್ಧಗಳಿಗಿಂತ ನೀನು ಬರೆದವು ಮೇಲು. ಚಹಾ ಸ್ವಲ್ಪ ಹೆಚ್ಚಾಯಿತು, ಅಷ್ಟೇ. ನಾನು ಆ ಸಂಜೆ ಆಡಿದ ಮಾತುಗಳನ್ನು ಅದೇ ಬೆಂಚಿನ ಮೇಲೆ, ಅದೇ ಎಂಟು ಜನರ ಮುಂದೆ, ಅಷ್ಟೇ ಗಟ್ಟಿಯಾಗಿ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ದುರುಗವ್ವ ಕೇಳಿಸಿಕೊಂಡು, "ಇಲ್ಲಿ ಒದರಿದ್ರೆ ಏನ್ ಬಂತು, ಅವ್ರು ಇರೋದು ಹರಿಹರದಾಗೆ" ಅಂದಳು. ಅದರ ಫಲವೇ ಈ ಕಾಗದ. ಭಾಷಣದ ಏಳು ಪುಟಗಳನ್ನು ಆಕೆಗೇ ಕೊಟ್ಟೆ, ಮಿರ್ಚಿ ಕಟ್ಟಿ ಖರ್ಚು ಮಾಡಿದಳು. ವಿದ್ವತ್ತು ಹಾಗೆ ಜನರನ್ನು ತಲುಪಿತು.

ಮೈಲಮ್ಮನಿಗೆ ನನ್ನ ನಮಸ್ಕಾರ ಹೇಳು, ಟೀವಿಯ ಕೆಮ್ಮಿಗೆ ಬಿಸಿನೀರು ಕುಡಿಸಲು ಹೇಳು. ಸೊಸೆ ಆಶಾರಾಣಿಗೆ ಆಶೀರ್ವಾದಗಳು. ಬ್ಯಾಂಕ್ ಪರೀಕ್ಷೆ ಬರೆದಿದ್ದಾಳಂತೆ, ಪಾಸಾಗಲಿ. ದೇವರು ನಿಮ್ಮೆಲ್ಲರನ್ನೂ ಚೆನ್ನಾಗಿಟ್ಟಿರಲಿ, ನಿನ್ನ ಮೊಣಕಾಲು ಬಸ್ಸು ಹತ್ತುವಷ್ಟು ಗಟ್ಟಿಯಾಗಿರಲಿ.

ನಿನ್ನ ಮೊದಲರ್ಧ,
ನಾಗಭೂಷಣ್

ತಾಜಾ ಕಲಂ: ಸಹಿ ಮಾಡಿದ ಮೇಲೆ ಕಾಗದ ಮಡಿಚಬೇಕು. ಮಡಿಚಲಾಗಲಿಲ್ಲ, ಇನ್ನೂ ಸ್ವಲ್ಪ ಬರೆಯುತ್ತೇನೆ.

ಸೆಪ್ಟೆಂಬರ್ 14, 2014, ಭಾನುವಾರ. ನಿಮ್ಮೂರ ಟಾಕೀಸು. ನೀನು ಮೊದಲರ್ಧ ನೋಡಿ, ಪಾಸು ನನ್ನ ಕೈಗೆ ಕೊಟ್ಟು ಮನೆಗೆ ಹೋಗಿದ್ದೆ. ನನ್ನ ಫೋನು ಆಫ್ ಮಾಡಿದ್ದೆ, ಅದು ನಮ್ಮ ನಿಯಮ. ಆದ್ದರಿಂದ ದಾವಣಗೆರೆಯಿಂದ ಸುದ್ದಿ ನಿಮ್ಮ ಮನೆಗೆ ಬಂತು. ನೀನು ಓಡಿ ಬಂದು, ಗೇಟಿನ ಬುಡನ್ ಸಾಬರ ಬ್ಯಾಟರಿ ಹಿಡಿದು ಸಾಲು ಸಾಲು ಹುಡುಕಿ, ನನ್ನ ಭುಜ ಮುಟ್ಟಿ, "ಏಳೋ, ಪ್ರೇಮಕ್ಕಗೆ ಹುಷಾರಿಲ್ಲಂತೆ, ಆಸ್ಪತ್ರೆಗೆ ಹಾಕ್ಯಾರಂತೆ" ಅಂದೆ.

ನಾನು, "ಐದು ನಿಮಿಷ ತಡಿಯೋ, ಕ್ಲೈಮ್ಯಾಕ್ಸು" ಅಂದೆ.

ನೀನು ನಿಂತೆ. ಹಿಂದಿನವರು ಬೈದರು, ನೀನು ಕುಕ್ಕರಗಾಲಲ್ಲಿ ಕೂತೆ. ಐದು ನಿಮಿಷ ಆಯಿತು. ಆಮೇಲೆ ಹೋದೆವು. ನಾವು ಮುಟ್ಟುವ ಹತ್ತು ನಿಮಿಷ ಮೊದಲು ಪ್ರೇಮಲತಾ ಹೋಗಿದ್ದಳು. ಹತ್ತರಲ್ಲಿ ಐದು ಕಳೆದರೂ ಐದು ಉಳಿಯುತ್ತದೆ. ಕೂಡಲೇ ಎದ್ದಿದ್ದರೂ ಸಿಗುತ್ತಿರಲಿಲ್ಲ ಎಂದು ನೀನು ಆವತ್ತೇ ಹೇಳಿದೆ. ಲೆಕ್ಕ ಸರಿಯಿದೆ. ಆದರೂ ಕಳೆದು ಕಳೆದು ನೋಡುತ್ತಿರುತ್ತೇನೆ. ಆ ಚಿತ್ರದ ಕ್ಲೈಮ್ಯಾಕ್ಸ್ ಏನಿತ್ತು ಎಂದು ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ.

ಈ ಮಾತನ್ನು ನೀನು ಮೈಲಮ್ಮನಿಗೂ ಹೇಳಿಲ್ಲ. ಹೇಳಿದ್ದರೆ ಆಕೆ ನನ್ನನ್ನು ಭೂಷಣಣ್ಣ ಅನ್ನುತ್ತಿರಲಿಲ್ಲ. ಆಮೇಲೆ ನೀನು ಕೊನೆಯರ್ಧವನ್ನೆಲ್ಲ ನಿನ್ನ ಮೇಲೆ ಹಾಕಿಕೊಂಡದ್ದು ನಿಮ್ಮೂರ ಟಾಕೀಸಿನ ಸೌಂಡು ಸರಿಯಿಲ್ಲ ಎಂದಲ್ಲ. ನನ್ನನ್ನು ಮತ್ತೆ ಒಂದು ಕ್ಲೈಮ್ಯಾಕ್ಸಿಗೆ ಕೂರಿಸಬಾರದು ಎಂದು.

ಜುಲೈನಲ್ಲಿ ನನಗೆ ಸಿಟ್ಟು ಬಂದದ್ದು ನೀನು ಸುಳ್ಳು ಹೇಳಿದ್ದಕ್ಕಲ್ಲ, ಏಕಾಂತ. ಯಾಕೆ ಸುಳ್ಳು ಹೇಳಿದೆ ಎಂದು ಬೆಂಚಿನ ಮೇಲಿನವರು ಕೇಳುತ್ತಾರೆ, ನೀನು ಆ ಐದು ನಿಮಿಷದ ವಿಷಯ ಹೇಳಿಬಿಡುತ್ತೀ ಎಂದು ಹೆದರಿಕೆಯಾಯಿತು. ಅದಕ್ಕೇ ಮೊದಲು ನಾನು ಕೂಗಿದೆ. ನೀನು ಪೊಟ್ಟಣ ಮಡಿಚಿ ಎದ್ದು ಹೋದೆ.

ಸೈಕಲ್ ಅಂಗಡಿಯವನ ಚಿತ್ರ ಬರುವ ಗುರುವಾರದವರೆಗೆ ಇರುತ್ತದಂತೆ. ಹನ್ನೊಂದು ಜನರಿಗೆ ಅದಕ್ಕಿಂತ ಹೆಚ್ಚು ದಿನ ಓಡಿಸುವುದಿಲ್ಲ. ನನಗೆ ಫೋನಿನಲ್ಲಿ ಟಿಕೆಟ್ ತೆಗೆಯಲು ಬರುವುದಿಲ್ಲ, ಫೈಸಲ್‌ನನ್ನು ಕೇಳಿದರೆ ತಾನೂ ಬರುತ್ತೇನೆ ಅನ್ನುತ್ತಾನೆ. ಆದ್ದರಿಂದ ದಯಮಾಡಿ ಆಶಾರಾಣಿಗೆ ಹೇಳಿ ಗುರುವಾರದ ಮ್ಯಾಟಿನಿಗೆ ಎರಡು ಟಿಕೆಟ್ ತೆಗೆಸು. ಅಕ್ಕಪಕ್ಕದ ಸೀಟು ಇರಲಿ. ಗೋಡೆಯ ಕಡೆಯದು ನನಗೆ, ದಾರಿಯ ಕಡೆಯದು ನಿನಗೆ. ನಾನು ಎದ್ದರೆ ಕಾಲು ಅಡ್ಡ ಇಡು.